ಆವೃತ್ತಿಯ ಇಮ್ಮಡಿ, ಮುಮ್ಮಡಿ

ರೇಡಿಯೋ ಪ್ರೇಷಕಯಂತ್ರದೊಳಗೆ ಕ್ವಾರ್ಟ್ಸ್ ಎಂಬ ಸ್ಫಟಿಕದ ತೆಳುವಾದ ಬಿಲ್ಲೆಯೊಂದು ಇರುವುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ಬಲ್ಲರು. ವಿದ್ಯುತ್ತಿನ ಪ್ರೇರಣೆಯಿಂದ ಅದು ಸೆಕೆಂಡಿಗೆ ಇಷ್ಟೇ ಸಾರಿಯೆಂದು ನಿಯಮ ತಪ್ಪದೆ ಕಂಪಿಸುವುದು. ಈ ಎಣಿಕೆಗೆ ಆವೃತ್ತಿಯೆಂದು ಹೆಸರು. ಬಿಲ್ಲೆಯು ತೆಳುವಾದಷ್ಟೂ ಆವೃತ್ತಿಯು ಹೆಚ್ಚು. ಆದರೆ ಸೆಕೆಂಡಿಗೆ 3 ಕೋಟಿ ಕಂಪನಗಳು ಬೇಕೆಂದರೆ ಸಾಧಾರಣ ಬಿಲ್ಲೆಯನ್ನು ಮಿಲಿಮೀಟರಿನ ಸುಮಾರು ಇಪ್ಪತ್ತನೆಯ ಒಂದು ಪಾಲಿನಷ್ಟು ತೆಳ್ಳಗೆ ಉಜ್ಜಬೇಕಾಗುತ್ತದೆ. ಅದನ್ನು ಮುಟ್ಟಲಿಕ್ಕೂ ಭಯವೇ. ವಿಮಾನಗಳು ಅಪಾಯಕಾಲದಲ್ಲಿ ಸಹಾಯಕ್ಕಾಗಿ ಕರೆಯುವ ಅಂತರರಾಷ್ಟ್ರೀಯ ಆವೃತ್ತಿಯಾದರೋ 12 ಕೋಟಿ 15 ಲಕ್ಷ! ಮಂದವಾದ ಸ್ಫಟಿಕದಿಂದ ಇಂಥ ವೇಗವನ್ನು ಪಡೆಯುವುದೆಂತು?

ತಂಬೂರಿಯನ್ನು ಮೀಟಿದವರಿಗೆ ಉತ್ತರದ ಅರ್ಧಭಾಗವು ತಿಳಿದೇ ಇದೆ. ಮಂದ್ರಷಡ್ಜದ ತಂತಿಗೆ ಕಿವಿಗೊಟ್ಟರೆ, ಯಾರೂ ಮೀಟದ ಗಾಂಧಾರವು ತಾನಾಗಿ ಕೇಳಿಬರುವುದು. ತಂತಿಯು ಮೂಲದ ಎರಡು, ಮೂರು, ನಾಲ್ಕು, ಐದರಷ್ಟು ವೇಗಗಳಲ್ಲಿಯೂ ಏಕಕಾಲಕ್ಕೆ ಕಂಪಿಸುತ್ತದೆ, ಗಾಂಧಾರವು ಐದನೆಯದು. ಕ್ರಮವಾಗಿ ಮರುಕಳಿಸುವ ಅಲೆಯು ಎಷ್ಟೇ ಡೊಂಕಾಗಿರಲಿ, ಅದು ಇಂಥ ಶುದ್ಧ ಅಲೆಗಳ ಕೂಟವೆಂಬ ತತ್ತ್ವವನ್ನು ಫ್ರಾನ್ಸಿನ ಗಣಿತಜ್ಞ ಫೂರ್ಯೇ 1822ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದನು.

ಆದುದರಿಂದ ಆವೃತ್ತಿಯನ್ನು ಹೆಚ್ಚಿಸುವ ಮಂಡಲವು ಮೊದಲು ಅಲೆಯನ್ನು ಬೇಕೆಂದೇ ಕೆಡಿಸುತ್ತದೆ. ಧ್ವನಿವರ್ಧಕದಲ್ಲಿ ದೋಷವೆನಿಸುವುದೇ ಇಲ್ಲಿ ಗುಣ. ಟ್ರಾನ್ಸಿಸ್ಟರು ಬಹುಕಾಲ ಸುಮ್ಮನಿದ್ದು, ಅಲೆಯು ತುದಿಗೇರಿದಾಗ ಮಾತ್ರ ಕ್ಷಣಕಾಲ ಪ್ರವಾಹವನ್ನು ಹರಿಯಗೊಡುವುದು. ಈ ಚೂಪಾದ ನೂಕುಗಳಲ್ಲಿ ಇಮ್ಮಡಿ, ಮುಮ್ಮಡಿಗಳೆಲ್ಲ ಅಡಗಿರುತ್ತವೆ. ಅನಂತರ ತಂತಿಯ ಸುರುಳಿ ಮತ್ತು ಕೆಪ್ಯಾಸಿಟರುಗಳನ್ನು ಜೋಡಿಸಿ, ಮುಮ್ಮಡಿಗೆ ಶ್ರುತಿಮಾಡಿಟ್ಟರೆ ಆ ಜೋಡಿಯು ಅದೊಂದನ್ನೇ ಆರಿಸಿಕೊಳ್ಳುತ್ತದೆ. ಉಯ್ಯಾಲೆಯನ್ನು ಪ್ರತಿಸಾರಿಯೂ ನೂಕಬೇಕಾಗಿಲ್ಲವಷ್ಟೆ. ಮೂರು ಸಾರಿ ತೂಗಿದ ಮೇಲೊಮ್ಮೆ ತಕ್ಕ ಗಳಿಗೆಯಲ್ಲಿ ನೂಕಿದರೂ ಅದು ತೂಗುತ್ತಲೇ ಇರುವುದು. ಈ ವಿದ್ಯೆಯ ಸೊಬಗೆಲ್ಲ ಇಲ್ಲಿಯೇ ಇದೆಯೆಂದು ನಾವು ಎಣಿಸುತ್ತೇವೆ.

ಹಾಗಾದರೆ ಒಮ್ಮೆಗೇ ಒಂಬತ್ತು ಮಡಿ ಮಾಡಬಾರದೇಕೆ? ಮೇಲಣ ಮಡಿಗಳು ಸಾಮಾನ್ಯವಾಗಿ ಬಲಹೀನವಾಗುತ್ತ ಹೋಗುವುದರಿಂದ ಎರಡೋ ಮೂರೋ ಮಡಿಯ ಮೆಟ್ಟಿಲುಗಳೇ ಲೇಸು. 1 ಕೋಟಿ 35 ಲಕ್ಷದ ಸ್ಫಟಿಕವನ್ನು ಒಮ್ಮೆ ಮುಮ್ಮಡಿಸಿದರೆ 4 ಕೋಟಿ 5 ಲಕ್ಷ. ಮತ್ತೊಮ್ಮೆ ಮುಮ್ಮಡಿಸಿದರೆ ನಾವು ಹೇಳಿದ ಆ ವಿಮಾನದ ಆವೃತ್ತಿ.

ಆದರೆ ತಪ್ಪೂ ಜೊತೆಯಲ್ಲಿಯೇ ಬೆಳೆಯುತ್ತದೆ. ಸ್ಫಟಿಕವು ದಶಲಕ್ಷಕ್ಕೆ ಹತ್ತರಷ್ಟು ತಪ್ಪಿದರೆ ಮೂಲದಲ್ಲಿ ಅದು ಬರಿಯ 135 ಕಂಪನ. ಕೊನೆಯ ಮೆಟ್ಟಿಲಿನಲ್ಲಿ 1215. ಇದಲ್ಲದೆ ಆರಿಸದೆ ಬಿಟ್ಟ ಮಡಿಗಳನ್ನು ಶೋಧಿಸಿ ತಡೆಯದಿದ್ದರೆ ಅವು ಹೊರಗೆ ಸೋರಿ, ಇತರರ ಸಂಭಾಷಣೆಯ ಮೇಲೆ ಬೀಳುತ್ತವೆ. ಆಪತ್ತಿನ ಕರೆಯೊಂದು ಅದರಡಿಯಲ್ಲಿ ಮುಚ್ಚಿಹೋದರೂ ಹೋದೀತು. ಕಟ್ಟುವವರ ಶ್ರಮದ ಬಹುಭಾಗವು ಈ ಶೋಧನೆಗೇ ಸಲ್ಲುತ್ತದೆ.

ಇಂದಿನ ಕಂಪ್ಯೂಟರುಗಳಲ್ಲಿ ಬೇರೊಂದು ಉಪಾಯವುಂಟು: ವೇಗವಾದ ಕಂಪಕದ ಆವೃತ್ತಿಯನ್ನು ಭಾಗಿಸಿ, ಸ್ಫಟಿಕದೊಡನೆ ಹೋಲಿಸಿ, ವ್ಯತ್ಯಾಸ ಕಂಡಾಗಲೆಲ್ಲ ತಿದ್ದುತ್ತಿರುವುದು. ಅಲ್ಲಿಯೂ ಅಳತೆಗೋಲು ಆ ನಿಧಾನದ ಬಿಲ್ಲೆಯೇ.