ಎಂಟನೇ ತರಗತಿಗೆ ಯಾವ ಹೈಸ್ಕೂಲು? ಶೇಕಡಾ ಒಂದೇ ನೋಡಿದರೆ ಸಾಲದು

ಮಳೆ ಬಿದ್ದು ಹೊಲ ಹಸನು ಮಾಡುವ ಹೊತ್ತಿಗೇ ನಮ್ಮ ಕಡೆ ಇನ್ನೊಂದು ಚಿಂತೆ ಶುರುವಾಗುತ್ತದೆ. ಊರ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿದ ಮಕ್ಕಳನ್ನು ಯಾವ ಹೈಸ್ಕೂಲಿಗೆ ಹಾಕೋದು? ನಾನು ಏಳಕ್ಕೇ ನಿಂತವನು. ಆಗ ಆರಿಸುವ ಮಾತೇ ಇರಲಿಲ್ಲ, ಹೈಸ್ಕೂಲು ಅಷ್ಟು ದೂರ. ಈಗ ನಮ್ಮ ಸುತ್ತ ಸರಕಾರಿ ಹೈಸ್ಕೂಲು ಮೂರಿವೆ. ನಾಲ್ಕು ಕಿಲೋಮೀಟರಿನಲ್ಲಿ ಒಂದು ಸಣ್ಣದು, ಹೋಬಳಿ ಊರಿನಲ್ಲಿ ಒಂದು, ತಾಲ್ಲೂಕು ಪಟ್ಟಣದಲ್ಲಿ ಒಂದು ದೊಡ್ಡದು.

ಮಗನನ್ನು ಹಾಕುವಾಗ ನಾನು ನೋಡಿದ್ದು ಎಸ್ಸೆಸ್ಸೆಲ್ಸಿ ಶೇಕಡಾ ಒಂದೇ. ಎಲ್ಲಿ ಹೆಚ್ಚೋ ಅಲ್ಲಿಗೆ ಹಾಕಿದೆ. ಅವನು ಒಂಬತ್ತಕ್ಕೆ ಬರುವಾಗ ಗಣಿತದ ಮೇಷ್ಟ್ರಿಗೆ ವರ್ಗವಾಯ್ತು, ಆ ಜಾಗಕ್ಕೆ ವರ್ಷವಿಡೀ ಯಾರೂ ಬರಲಿಲ್ಲ. ಹತ್ತರಲ್ಲಿ ಗಣಿತವೊಂದರಲ್ಲೇ ಫೇಲಾದ. ತಮ್ಮನ ಮಗಳ ಸರದಿ ಬಂದಾಗ ಮೂರೂ ಶಾಲೆಗೆ ನಾನೇ ಹೋಗಿ ಕೇಳಿಕೊಂಡು ಬಂದೆ. ಆ ಓಡಾಟದಲ್ಲಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಈ ಶೇಕಡಾ ಲೆಕ್ಕ. ಸಣ್ಣ ಶಾಲೆಯಲ್ಲಿ ಪರೀಕ್ಷೆಗೆ ಕೂತವರು 12 ಮಕ್ಕಳು ಅನ್ನಿ. ಒಬ್ಬ ಫೇಲಾದರೆ ಫಲಿತಾಂಶ ಎಂಟು ಚಿಲ್ಲರೆ ಇಳೀತದೆ. ಪಟ್ಟಣದ ಶಾಲೆಯಲ್ಲಿ 150 ಮಕ್ಕಳಿದ್ದರೆ ಒಬ್ಬ ಫೇಲಾದದ್ದು ಲೆಕ್ಕಕ್ಕೇ ಬರೋದಿಲ್ಲ. ಆದ್ದರಿಂದ ಒಂದು ವರ್ಷದ್ದು ಬೇಡ, ನಾಲ್ಕೈದು ವರ್ಷದ್ದು ಕೇಳಿ. ಅದರಲ್ಲೂ 2021 ಬಿಟ್ಟುಬಿಡಿ. ಕೊರೋನಾ ವರ್ಷ, ಹೆಚ್ಚುಕಡಿಮೆ ಎಲ್ಲರನ್ನೂ ಪಾಸು ಮಾಡಿದರು. ರಾಜ್ಯದ ಫಲಿತಾಂಶ 2023ರಲ್ಲಿ ಶೇ. 83.89 ಇದ್ದದ್ದು 2024ರ ಮೊದಲ ಪರೀಕ್ಷೆಯಲ್ಲಿ 73.40ಕ್ಕೆ ಇಳಿಯಿತು. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಾವಲು ಬಂತು. ಕೃಪಾಂಕ ಹೆಚ್ಚಿಸಿದ ಮೇಲೂ ಅಷ್ಟೇ ಆದದ್ದು! ಒಂದು ಶಾಲೆಯ 2023ರ ಅಂಕಿ ಹಿಡಿದು ಇನ್ನೊಂದರ 2024ರ ಪಕ್ಕ ಇಟ್ಟರೆ ಮೋಸಹೋದ ಹಾಗೆ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಎಂಟಕ್ಕೆ ಸೇರಿದವರು ಎಷ್ಟು, ಹತ್ತರ ಪರೀಕ್ಷೆಗೆ ಕೂತವರು ಎಷ್ಟು? ಶೇಂಗಾ ಹತ್ತು ಎಕರೆ ಬಿತ್ತಿ, ಎಂಟು ಎಕರೆ ಒಣಗಿ, ಉಳಿದೆರಡು ಎಕರೆ ಕಿತ್ತು 'ಎಕರೆಗೆ ಎಂಟು ಚೀಲ ಬಂತು' ಅಂದರೆ ನಾವು ನಂಬುತ್ತೇವೆಯೇ? ಒಂಬತ್ತರಲ್ಲೇ ದಡ್ಡರನ್ನು ನಿಲ್ಲಿಸಿ, ಕೆಲವರು ಶಾಲೆ ಬಿಟ್ಟು ಹೋಗಿ, ಮಿಕ್ಕವರೆಲ್ಲ ಪಾಸಾದರೆ ನೂರಕ್ಕೆ ನೂರು ಫಲಿತಾಂಶ. (ದಡ್ಡರು ಅಂದದ್ದು ತಪ್ಪು. ನನ್ನ ಮಗನನ್ನೂ ಹಾಗೇ ಅಂದಿದ್ದರು.) ಬೋರ್ಡಿನ ಮೇಲೆ ಬರೆದ ಶೇಕಡಾ ನೋಡಿ ಬರಬೇಡಿ. ಮೂರು ವರ್ಷದ ಹಿಂದಿನ ಎಂಟನೇ ತರಗತಿ ಸಂಖ್ಯೆ ಕೇಳಿ. ಶಾಲೆಯಲ್ಲಿ ಹೇಳದಿದ್ದರೆ ಮೊಬೈಲು ಬಲ್ಲ ಹುಡುಗರಿಂದ ತೆಗೆಸಿ ನೋಡಿ. ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಸಂಖ್ಯೆ ಇದೆ. ಅದನ್ನು ಹಾಕಿದರೆ ಮಕ್ಕಳೆಷ್ಟು, ಮೇಷ್ಟ್ರುಗಳೆಷ್ಟು, ಕೊಠಡಿ, ಶೌಚಾಲಯ ಎಲ್ಲ ಬರ್ತದೆ.

ಅಂಕದಲ್ಲೂ ಒಂದು ಸೂಕ್ಷ್ಮ ಇದೆ. ಒಟ್ಟು 625ರಲ್ಲಿ 125 ಆಂತರಿಕ ಅಂಕ, ಅಂದರೆ ಶಾಲೆಯವರೇ ಹಾಕುವಂಥದ್ದು.

ಇನ್ನು ಮೇಷ್ಟ್ರುಗಳು. ಇಂತಿಂಥ ವಿಷಯಕ್ಕೆ ಖಾಯಂ ಶಿಕ್ಷಕರಿದ್ದಾರಾ, ಅತಿಥಿ ಶಿಕ್ಷಕರಾ, ಯಾರೂ ಇಲ್ಲವಾ ಅಂತ ವಿಷಯವಾರು ಕೇಳಿ. ಶಾಲೆಯವರ ಬಾಯಲ್ಲಿ 'ಪಿಸಿಎಂ' ಅಂದರೆ ಗಣಿತ ಮತ್ತು ಭೌತ, ರಸಾಯನಶಾಸ್ತ್ರ ಓದಿ ಬಂದವರು. ಸಣ್ಣ ಹೈಸ್ಕೂಲಿನಲ್ಲಿ ಈ ಹುದ್ದೆ ಒಂದೇ. ಅದು ಖಾಲಿಯಾದರೆ ಗಣಿತವೂ ಹೋಯ್ತು, ಅರ್ಧ ವಿಜ್ಞಾನವೂ ಹೋಯ್ತು. ಅತಿಥಿ ಶಿಕ್ಷಕರಲ್ಲಿ ಒಳ್ಳೆಯವರು ಬೇಕಾದಷ್ಟಿದ್ದಾರೆ, ಆದರೆ ಅವರ ನೇಮಕ ಆಗುವಷ್ಟರಲ್ಲಿ ಪಾಠ ಹಿಂದೆ ಬಿದ್ದಿರ್ತದೆ.

ಇನ್ನೊಂದು ಪ್ರಶ್ನೆ: ನಿಮ್ಮ ಮಕ್ಕಳಲ್ಲಿ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಎಷ್ಟು ಜನಕ್ಕೆ ಬಂದಿದೆ? ಇದು ಎಂಟನೇ ತರಗತಿಯಲ್ಲಿ ಬರೆಯುವ ಪರೀಕ್ಷೆ. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯೋ ತನಕ ವರ್ಷಕ್ಕೆ 12,000 ರೂಪಾಯಿ. ಸರಕಾರಿ, ಅನುದಾನಿತ ಶಾಲೆ ಮಕ್ಕಳಿಗೆ ಮಾತ್ರ. ತಂದೆತಾಯಿಯ ಆದಾಯ ಮೂರೂವರೆ ಲಕ್ಷ ದಾಟಿರಬಾರದು. ಮಕ್ಕಳನ್ನು ಕೂರಿಸಿ ತಯಾರಿ ಮಾಡಿಸುವ ಒಬ್ಬ ಮೇಷ್ಟ್ರು ಇದ್ದರೂ ಸಾಕು, ಆ ಶಾಲೆ ಗೊತ್ತಾಗ್ತದೆ. ನಾನು ಹೋದ ಒಂದು ಕಡೆ ಹೆಸರು ಕೇಳಿದರೆ ಮುಖ ಮುಖ ನೋಡಿಕೊಂಡರು.

ದೊಡ್ಡ ಶಾಲೆ ಅಂತ ಪಟ್ಟಣಕ್ಕೆ ಹಾಕುವವರು ಒಂದು ಮಾತು ಗಮನಿಸಬೇಕು. ಸಿಇಟಿ ಸೀಟಿನಲ್ಲಿ ಗ್ರಾಮೀಣರಿಗೆ ಶೇ. 15 ಮೀಸಲು ಇದೆ, ಕನ್ನಡ ಮಾಧ್ಯಮದವರಿಗೆ ಶೇ. 5. ಆದರೆ ಒಂದರಿಂದ ಹತ್ತರ ತನಕ ಹತ್ತೂ ವರ್ಷ ಹಳ್ಳಿ ಶಾಲೆಯಲ್ಲಿ ಓದಿರಬೇಕು, ಕನ್ನಡದ್ದಾದರೆ ಹತ್ತೂ ವರ್ಷ ಕನ್ನಡದಲ್ಲಿ. ಏಳು ವರ್ಷ ಹಳ್ಳಿಯಲ್ಲಿ ಓದಿಸಿ ಮೂರು ವರ್ಷಕ್ಕೆ ಪಟ್ಟಣಕ್ಕೆ ಹಾಕಿದರೆ ಗ್ರಾಮೀಣ ಸರ್ಟಿಫಿಕೇಟು ಸಿಗೋದಿಲ್ಲ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಪಟ್ಟಣದ ಶಾಲೆಯ ಪ್ರಯೋಗಾಲಯ ನೋಡಿ ಮನಸ್ಸು ಅಲ್ಲೇ ನಿಂತಿತ್ತು, ಈ ಮಾತು ಕೇಳಿ ಹಿಂದೆ ಸರಿದೆ.

ಆದರ್ಶ ವಿದ್ಯಾಲಯ, ಮೊರಾರ್ಜಿ ವಸತಿ ಶಾಲೆಗಳ ವಿಚಾರ ಏಳರ ಕೊನೆಗೆ ಎತ್ತಿ ಪ್ರಯೋಜನ ಕಡಿಮೆ. ಅಲ್ಲಿ ಪ್ರವೇಶ ಆರನೇ ತರಗತಿಗೆ. ಮಗು ಐದರಲ್ಲಿರುವಾಗಲೇ ಅರ್ಜಿ ಹಾಕಿ ಪರೀಕ್ಷೆ ಬರೆಸಬೇಕು.

ದಾರಿಯದ್ದೂ ಲೆಕ್ಕ ಹಾಕಿ. ಹೆಣ್ಣುಮಕ್ಕಳಿಗೆ 2023ರ ಜೂನಿನಿಂದ ಸರಕಾರಿ ಬಸ್ಸು ಪುಕ್ಕಟೆ, ಸರಿ. ಆದರೆ ಬಸ್ಸು ಬರಬೇಕಲ್ಲ! ನಾನು ಒಂದು ವಾರ ಸಂಜೆ ಹೋಬಳಿ ನಿಲ್ದಾಣದಲ್ಲಿ ಕೂತು ನೋಡಿದೆ. ಐದು ದಿನ ಬಂತು, ಒಂದು ದಿನ ಬರಲಿಲ್ಲ. ಅಂಥ ದಿನ ಏನು ಮಾಡೋದು ಅಂತ ಮನೆಯಲ್ಲಿ ಮೊದಲೇ ಮಾತಾಡಿಕೊಂಡೆವು. ತಮ್ಮ ಗಾಡಿ ತೊಗೊಂಡು ಹೋಗೋದು ಅಂತಾಯ್ತು. ಹುಡುಗಿ ಈಗ ಹೋಬಳಿ ಶಾಲೆಯಲ್ಲಿ ಒಂಬತ್ತನೇ ತರಗತಿ. ಶೇಕಡಾದಲ್ಲಿ ಆ ಶಾಲೆ ಮೂರರಲ್ಲಿ ಎರಡನೆಯದು, ಆದರೆ ಗಣಿತಕ್ಕೆ ಖಾಯಂ ಮೇಡಂ ಇದ್ದಾರೆ. ಅವರಿಗೂ ವರ್ಗದ ಸುದ್ದಿ ಇದೆ ಅಂತ ಹೋದ ವಾರ ಹೇಳಿದಳು. ಮುಂದಿನ ಎಸ್‌ಡಿಎಂಸಿ ಸಭೆಗೆ ನಾವು ನಾಲ್ಕು ಊರಿನವರು ಸೇರಿ ಹೋಗುವವರಿದ್ದೇವೆ.