ನಿಮಿಷಕ್ಕೆ ಅರವತ್ತು ಪದ: ಕನ್ನಡದ ಓದಿಗೆ ಸಲ್ಲುವ ಅಳತೆ ಯಾವುದು?

ಮೂರನೇ ತರಗತಿ ಮುಗಿಸುವ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥ ಮಾಡಿಕೊಂಡು ಓದಬೇಕು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನಿಪುಣ್ ಭಾರತ್ ಯೋಜನೆ ಇಟ್ಟುಕೊಂಡ ಗುರಿ ಇದು, ಗಡುವು 2026–27. ಗುರಿ ಬೇಕೆನ್ನುವುದರಲ್ಲಿ ಎರಡು ಮಾತಿಲ್ಲ. ‘ಪ್ರಥಮ್’ ಸಂಸ್ಥೆಯ ಅಸರ್ ಸಮೀಕ್ಷೆಯಂತೆ, ಗ್ರಾಮೀಣ ಭಾರತದ ಐದನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿ ಮಟ್ಟದ ಪಠ್ಯ ಓದಬಲ್ಲವರು 2018ರಲ್ಲಿ ಶೇ 50.5ರಷ್ಟಿದ್ದರು. ಶಾಲೆಗಳು ಮುಚ್ಚಿ ತೆರೆದ ಮೇಲೆ, 2022ರಲ್ಲಿ, ಆ ಪ್ರಮಾಣ ಶೇ 42.8ಕ್ಕೆ ಕುಸಿಯಿತು. ಎರಡೇ ವರ್ಷದಲ್ಲಿ ಬಹುಪಾಲು ಚೇತರಿಕೆ ಕಂಡಿದ್ದರೂ, ಐದು ವರ್ಷ ಶಾಲೆಗೆ ಹೋದ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಒಂದು ಪುಟ್ಟ ಕಥೆ ಓದಲಾಗದು ಎಂಬ ಸತ್ಯ ನಮ್ಮೆದುರು ಹಾಗೆಯೇ ನಿಂತಿದೆ. ಇಷ್ಟಾದರೂ ತಿಳಿದದ್ದು ಅಳೆದದ್ದರಿಂದಲೇ.

ಆದರೆ ಪದಗಳನ್ನು ಎಣಿಸುವ ಅಳತೆ ಕನ್ನಡಕ್ಕೆ ಬಂದಾಗ ಎಡವುತ್ತದೆ. ಹಿಂದಿಯಲ್ಲಿ ವಿಭಕ್ತಿಸೂಚಕಗಳನ್ನು ನಾಮಪದದಿಂದ ಬಿಡಿಸಿ ಬರೆಯುತ್ತಾರೆ. ಕನ್ನಡದಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ. ‘ಮನೆಯಲ್ಲಿದ್ದವರಿಗೆ’ ಎಂಬುದು ಎಣಿಕೆಗೆ ಒಂದೇ ಪದ. ಓದುವ ಮಗು ಮಾತ್ರ ಎಂಟು ಅಕ್ಷರ, ಅದರಲ್ಲಿ ಎರಡು ಒತ್ತಕ್ಷರ ದಾಟಬೇಕು. ಲಿಪಿಯ ಹೊರೆಯೂ ಸಣ್ಣದಲ್ಲ. ವರ್ಣಮಾಲೆ ಬಂದರೆ ಓದು ಬಂದಂತಲ್ಲ, ಕಾಗುಣಿತ ಮತ್ತು ಒತ್ತಕ್ಷರ ಸೇರಿ ನೂರಾರು ರೂಪಗಳು ಕಣ್ಣಿಗೆ ಪಳಗಬೇಕು. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್, ಈ ಪಳಗುವಿಕೆ ಆರಂಭಿಕ ತರಗತಿಗಳಾಚೆಗೂ ಮುಂದುವರಿಯುತ್ತದೆ ಎಂದು ತೋರಿಸಿದ್ದಾರೆ. ಹೀಗಿರುವಾಗ, ಒತ್ತಕ್ಷರದ ಬಳಿ ಒಂದು ಕ್ಷಣ ನಿಂತು ಸರಿಯಾಗಿ ಓದುವ ಎಂಟು ವರ್ಷದ ಹುಡುಗಿಯನ್ನು ಹಿಂದುಳಿದವಳೆಂದು ಗುರುತಿಸುವುದು ಅನ್ಯಾಯ. ಮನೆಯಲ್ಲಿ ಲಂಬಾಣಿ, ತುಳು ಅಥವಾ ಉರ್ದು ಆಡುವ ಮಗುವಿನ ಕಥೆ ಇನ್ನೂ ಬೇರೆ: ಅಕ್ಷರ ಕೂಡಿಸಿ ಸರಾಗವಾಗಿ ಓದೀತು, ಓದಿದ್ದೇನೆಂದು ಕೇಳಿದರೆ ತಡವರಿಸೀತು. ಗಡಿಯಾರ ಇವರಿಬ್ಬರ ಬಗ್ಗೆಯೂ ತಪ್ಪು ಹೇಳುತ್ತದೆ.

ಭಾಷೆಗೊಂದು ಮಾನದಂಡ ಇಟ್ಟರೆ ರಾಜ್ಯಗಳು ಮಟ್ಟ ಇಳಿಸಿ ಬೆನ್ನು ತಟ್ಟಿಕೊಳ್ಳುತ್ತವೆ ಎಂಬ ಆಕ್ಷೇಪವಿದೆ. ಆತಂಕ ಸುಳ್ಳಲ್ಲ. ಆದರೆ 2022ರಲ್ಲಿ ಎನ್‌ಸಿಇಆರ್‌ಟಿಯ ಬುನಾದಿ ಕಲಿಕಾ ಅಧ್ಯಯನ ಮೂರನೇ ತರಗತಿಯ ಮಕ್ಕಳನ್ನು 20 ಭಾಷೆಗಳಲ್ಲಿ ಒಬ್ಬೊಬ್ಬರನ್ನಾಗಿ ಕೂರಿಸಿ ಓದಿಸಿ, ಪ್ರತಿ ಭಾಷೆಗೂ ಪ್ರತ್ಯೇಕ ಮಟ್ಟ ಗೊತ್ತುಪಡಿಸಿತು. ಮಟ್ಟವನ್ನು ರಾಷ್ಟ್ರೀಯ ಸಂಸ್ಥೆಯೇ, ಮಕ್ಕಳ ಓದನ್ನು ಆಧರಿಸಿ ನಿಗದಿ ಮಾಡುವಾಗ ಇಳಿಸುವ ಅವಕಾಶ ಕಡಿಮೆ. ರಾಜ್ಯ–ರಾಜ್ಯಗಳ ಹೋಲಿಕೆ ಕಷ್ಟವಾಗುತ್ತದೆ ಎನ್ನುವುದೂ ನಿಜವೇ. ಆ ನಷ್ಟ ಸಹಿಸಬಹುದು; ಕರ್ನಾಟಕಕ್ಕೆ ಬೇಕಾದದ್ದು ಬಿಹಾರದೊಂದಿಗಿನ ಪೈಪೋಟಿಗಿಂತ ಹೆಚ್ಚಾಗಿ, ತನ್ನದೇ ಮಕ್ಕಳು ಹೋದ ವರ್ಷ ಎಲ್ಲಿದ್ದರು, ಈಗ ಎಲ್ಲಿದ್ದಾರೆ ಎಂಬ ಲೆಕ್ಕ.

ಪರೀಕ್ಷೆಯೇ ಬೇಡ, ಎಳೆಯರ ಮೇಲೆ ಒತ್ತಡ ಎನ್ನುವವರ ಮಾತನ್ನು ಮಾತ್ರ ಒಪ್ಪಲಾರೆ. ಅಳೆಯದಿದ್ದರೆ ಓದು ಬಾರದ ಮಗು ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಐದನೇ ತರಗತಿ ತಲುಪುತ್ತದೆ. ಶಿಕ್ಷಕಿ ಪಕ್ಕದಲ್ಲಿ ಕುಳಿತು ಹತ್ತು ಸಾಲು ಓದಿಸಿ, ಎರಡು ಪ್ರಶ್ನೆ ಕೇಳುವುದರಲ್ಲಿ ಬೆದರಿಸುವಂಥದ್ದೇನಿಲ್ಲ, ಅಂಕ ಜಿಲ್ಲಾ ಪಟ್ಟಿಗೆ ಏರದಿದ್ದರೆ. ಅಲ್ಲಿ ಬರೆದುಕೊಳ್ಳಬೇಕಾದದ್ದು ವೇಗಕ್ಕಿಂತ ಮೊದಲು ತೊಡಕಿನ ಜಾಗ: ಮೂಲಾಕ್ಷರವೇ, ಕಾಗುಣಿತವೇ, ಒತ್ತಕ್ಷರವೇ, ಉದ್ದ ಪದವೇ, ಇಲ್ಲವೇ ಅರ್ಥವೇ. ನಮ್ಮ ನಲಿ–ಕಲಿ ತರಗತಿಗಳಲ್ಲಿ ಮೈಲಿಗಲ್ಲುಗಳಿರುವ ಕಲಿಕಾ ಏಣಿ ಈಗಾಗಲೇ ಇದೆ. ತೊಡಕಿನ ಜಾಗ ಗೊತ್ತಾದರೆ, ಆ ಮಗುವನ್ನು ಏಣಿಯ ಯಾವ ಮೆಟ್ಟಿಲಿನಲ್ಲಿ ಕೂರಿಸಿ ಮರುದಿನ ಏನು ಓದಿಸಬೇಕೆಂಬುದು ಶಿಕ್ಷಕಿಗೆ ಅದೇ ಹಾಳೆಯಿಂದ ತಿಳಿಯುತ್ತದೆ.