ಮದ್ದಿನ ಡಬ್ಬಿಯೂ ಮದ್ದಿನ ಕಾಯಿದೆಯೂ

ಮುಂಗಾರು ಹತ್ತಿರವಾಯಿತೆಂದರೆ ನಮ್ಮ ಸಂಘದ ಮಾರಾಟ ಮಳಿಗೆಯಲ್ಲಿ ಮೈಲುತುತ್ತಕ್ಕೂ ಸುಣ್ಣಕ್ಕೂ ನೂಕುನುಗ್ಗಲು. ಅದರ ಜೊತೆಗೆ ಹುಳುವಿನ ಮದ್ದಿನ ಡಬ್ಬಿಗಳೂ ಖರ್ಚಾಗುತ್ತವೆ. ಬೆಲೆ ಎಷ್ಟು, ಬ್ಯಾರಲಿಗೆ ಎಷ್ಟು ಹಾಕಬೇಕು ಎಂದು ಎಲ್ಲರೂ ವಿಚಾರಿಸುತ್ತಾರೆ. ಡಬ್ಬಿಯ ಮೇಲಿರುವ ಬಣ್ಣದ ಚೌಕ ಯಾವುದೆಂದು ನೋಡುವವರು ಅಪರೂಪ. ಮಾರುವ ನಾವೂ ಅದನ್ನು ಬೆರಳಿಟ್ಟು ತೋರಿಸುವುದು ಕಡಿಮೆಯೇ ಎಂದು ಒಪ್ಪಿಕೊಳ್ಳಬೇಕು.

ಆ ಬಣ್ಣದ ಹಿಂದೆ ಒಂದು ದುರಂತವಿದೆ. 1958ರಲ್ಲಿ ಒಂದೇ ಹಡಗಿನಲ್ಲಿ ಆಹಾರ ಪದಾರ್ಥವನ್ನೂ ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನೂ ತರಲಾಯಿತು. ವಿಷ ಸೋರಿ ಗೋಧಿ ಹಿಟ್ಟಿಗೆ ಸೇರಿತು. ಅದನ್ನು ಉಂಡ ಕೇರಳದ ಮತ್ತು ಅಂದಿನ ಮದರಾಸು ರಾಜ್ಯದ ನೂರಕ್ಕೂ ಹೆಚ್ಚು ಮಂದಿ ಸತ್ತರು. ವಿಚಾರಣಾ ಆಯೋಗ ಕುಳಿತಿತು, ತಜ್ಞರ ಸಮಿತಿ ವರದಿ ಕೊಟ್ಟಿತು. ಕೊನೆಗೆ 1968ರಲ್ಲಿ ಕೀಟನಾಶಕಗಳ ಕಾಯಿದೆ ಹುಟ್ಟಿತು, 1971ರಲ್ಲಿ ಪೂರ್ಣವಾಗಿ ಜಾರಿಗೆ ಬಂತು.

ಈ ಕಾಯಿದೆಯಿಂದ ಉಪಕಾರವಾಗಿಲ್ಲವೆಂದು ಹೇಳಲಾಗದು. ಕೇಂದ್ರದ ನೋಂದಣಿ ಸಮಿತಿ ಒಪ್ಪದೆ ಯಾವ ಮದ್ದನ್ನೂ ತಯಾರಿಸುವಂತಿಲ್ಲ. ಲೈಸೆನ್ಸ್ ಇಲ್ಲದೆ ಮಾರುವಂತಿಲ್ಲ. ಅಂಗಡಿಗೆ ಬಂದು ಮಾದರಿ ತೆಗೆಯಲು ಇನ್ಸ್‌ಪೆಕ್ಟರುಗಳಿದ್ದಾರೆ. ವಿಷದ ತೀವ್ರತೆಗೆ ತಕ್ಕಂತೆ ಕೆಂಪು, ಹಳದಿ, ನೀಲಿ, ಹಸಿರು ಗುರುತು ಹಾಕಲೇಬೇಕು. ಕೆಂಪು ಎಂದರೆ ಅತಿ ಘೋರ ವಿಷ, ಹಸಿರು ಎಂದರೆ ಎಲ್ಲಕ್ಕಿಂತ ಕಡಿಮೆ ವಿಷ. ಹಸಿರು ಎಂದಮಾತ್ರಕ್ಕೆ ನಿರಪಾಯವಲ್ಲ.

ಆದರೆ ಈ ಕಾಯಿದೆಯ ಕಣ್ಣು ಕಾರ್ಖಾನೆ ಮತ್ತು ಅಂಗಡಿಯ ಮೇಲಿದೆ. ಡಬ್ಬಿ ನಮ್ಮ ತೋಟದ ದಣಪೆ ದಾಟಿದ ಮೇಲೆ ಅದು ಹಿಂದಿರುಗಿ ನೋಡುವುದಿಲ್ಲ. 38ನೆಯ ಕಲಮಿನ ಪ್ರಕಾರ, ತಾನು ಸಾಗುವಳಿ ಮಾಡುವ ಜಮೀನಿನಲ್ಲಿ ಒಬ್ಬನು ಕೀಟನಾಶಕ ಬಳಸಿದರೆ ಅದಕ್ಕೆ ಈ ಕಾಯಿದೆ ಅನ್ವಯಿಸದು. ಬೆಳೆಗಾರನಿಗೆ ಇದು ರಿಯಾಯಿತಿಯಂತೆ ಕಾಣಬಹುದು. ಪಂಪು ಹೊತ್ತು ಮದ್ದು ಹೊಡೆಯುವ ಆಳಿಗೂ, ಆಳಿಲ್ಲದೆ ತಾನೇ ಹೊಡೆಯುವ ಎರಡು ಎಕರೆಯ ಬೆಳೆಗಾರನಿಗೂ ಇದು ರಕ್ಷಣೆಯಿಲ್ಲದ ಸ್ಥಿತಿ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಮದ್ದು ಹೊಡೆದವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ವಿಷ ತಗಲಿದ ಪ್ರಕರಣಗಳನ್ನು ವರದಿ ಮಾಡಬೇಕೆಂದು ರಾಜ್ಯ ಸರ್ಕಾರ ಆಜ್ಞೆ ಹೊರಡಿಸ'ಬಹುದು' ಎಂದು 26ನೆಯ ಕಲಮು ಹೇಳುತ್ತದೆಯೇ ಹೊರತು, ಹೊರಡಿಸಲೇಬೇಕು ಎನ್ನುವುದಿಲ್ಲ.

ಇನ್ನೊಂದು ಕೊರತೆಯ ಪರಿಚಯ ನಮ್ಮ ನೆರೆಯಲ್ಲೇ ಆಗಿದೆ. ಕಾಸರಗೋಡಿನ ಗುಡ್ಡಗಳಲ್ಲೂ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಸುತ್ತಲೂ ಸರ್ಕಾರಿ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ವರ್ಷವರ್ಷವೂ ಎಂಡೋಸಲ್ಫಾನ್ ಸುರಿಯಲಾಯಿತು. ಕೆಳಗಿನ ಮನೆ, ಬಾವಿ, ತೋಡುಗಳಿಗೆ ಮುಚ್ಚಳವಿರಲಿಲ್ಲ. ಕೈಕಾಲು ಸ್ವಾಧೀನವಿಲ್ಲದ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ವರ್ಷಗಟ್ಟಲೆ ಕಚೇರಿ ಅಲೆದರು. ಕಡೆಗೆ ಸರ್ಕಾರವೇ ಅವರನ್ನು ಸಂತ್ರಸ್ತರೆಂದು ಗುರುತಿಸಿ ಮಾಸಾಶನ ಕೊಡಬೇಕಾಯಿತು.

2011ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಈ ಮದ್ದನ್ನು ನಿಷೇಧಿಸಿತು. ಎಷ್ಟು ಕಾಲಕ್ಕೆ? ಅರುವತ್ತು ದಿನಕ್ಕೆ. 27ನೆಯ ಕಲಮಿನಂತೆ ರಾಜ್ಯಕ್ಕಿರುವ ಅಧಿಕಾರ ಅಷ್ಟೇ. ತನಿಖೆ ಮುಗಿಯದಿದ್ದರೆ ಇನ್ನೊಂದು ಮೂವತ್ತು ದಿನ. ತನ್ನ ಜನ ನರಳುವುದನ್ನು ಕಣ್ಣಾರೆ ಕಂಡ ರಾಜ್ಯಕ್ಕೂ ವಿಷದ ಮಾರಾಟವನ್ನು ಶಾಶ್ವತವಾಗಿ ತಡೆಯುವ ಹಕ್ಕು ಈ ಕಾಯಿದೆಯಲ್ಲಿಲ್ಲ. ಆ ವರ್ಷದ ಮೇ 13ರಂದು ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಕಾಯಿದೆ ಮಾಡಬೇಕಾದ ಕೆಲಸವನ್ನು ನ್ಯಾಯಾಲಯ ಮಾಡಬೇಕಾಯಿತು.

ಕಾಯಿದೆ ಬಿಗಿಯಾದರೆ ನಮ್ಮ ಬೆಳೆಯ ಗತಿಯೇನು ಎಂದು ಸದಸ್ಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬಿಳಿ ಕಾಂಡಕೊರಕಕ್ಕೆ ಅರೇಬಿಕಾ ಕಾಂಡಕ್ಕೆ ಬಳಿಯುತ್ತಿದ್ದ ಲಿಂಡೇನ್ 2013ರಲ್ಲಿ ನಿಂತುಹೋಯಿತು. ಅಡಿಕೆಯ ಬೇರುಹುಳಕ್ಕೆ ಹಾಕುತ್ತಿದ್ದ ಫೋರೇಟ್ ಬಳಕೆಗೆ 2018ರ ಆಜ್ಞೆಯಂತೆ 2020ರ ಡಿಸೆಂಬರ್ 31ರಿಂದ ನಿಷೇಧ ಬಂತು. ಎರಡು ಸಲವೂ ಗೊಣಗಿದವರಲ್ಲಿ ನಾವೂ ಇದ್ದೆವು. ಕಾಂಡಕೊರಕಕ್ಕೆ ಲಿಂಡೇನಿನ ಬದಲು ಹಿಡಿದ ಕ್ಲೋರ್‌ಪೈರಿಫಾಸ್‌ಗೆ ಐರೋಪ್ಯ ಒಕ್ಕೂಟ 2020ರಲ್ಲಿ ಅನುಮತಿ ಮುಂದುವರಿಸಲಿಲ್ಲ; 2025ರಲ್ಲಿ ಅದು, ಕೆಲವು ವಿನಾಯಿತಿಗಳೊಂದಿಗೆ, ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ ಸೇರಿತು. ನಮ್ಮ ಕಾಫಿಯನ್ನು ಕೊಳ್ಳುವ ದೇಶಗಳೇ ಬೇಡವೆನ್ನುವ ಮದ್ದನ್ನು ಹಿಡಿದು ಕೂರುವುದು ಲಾಭದ ಮಾತೂ ಅಲ್ಲ.

ಹಳೆಯ ಕಾಯಿದೆಯನ್ನು ತೆಗೆದು ಹೊಸದನ್ನು ತರಲು 2008ರಲ್ಲಿ ರಾಜ್ಯಸಭೆಯಲ್ಲಿ ಮಸೂದೆ ಮಂಡನೆಯಾಯಿತು, ಅದು ಕಾಯಿದೆಯಾಗಲಿಲ್ಲ. 2020ರ ಮಾರ್ಚಿನಲ್ಲಿ ಇನ್ನೊಂದು ಮಂಡನೆಯಾಯಿತು; 2021ರಲ್ಲಿ ಅದನ್ನು ಸಂಸತ್ತಿನ ಸ್ಥಾಯೀ ಸಮಿತಿಗೆ ಒಪ್ಪಿಸಲಾಯಿತು. ಇಂಥ ಹೊತ್ತಿನಲ್ಲಿ ತಯಾರಕರ ಸಂಘಗಳು ದೆಹಲಿಯಲ್ಲಿ ಮಾತನಾಡುತ್ತವೆ. ಸಣ್ಣ ಬೆಳೆಗಾರರ ಪರವಾಗಿ ಸಹಕಾರ ಸಂಘಗಳು ಮಾತನಾಡದಿದ್ದರೆ ಬೇರೆ ಯಾರು ಮಾತನಾಡಬೇಕು?

ನಮ್ಮ ಬೇಡಿಕೆಗಳು ನಾಲ್ಕು. ಒಂದು, ಮದ್ದು ಹೊಡೆಯುವವನ ರಕ್ಷಣೆ ಕಾಯಿದೆಯೊಳಗೆ ಬರಬೇಕು. ಅದರ ಹೊಣೆಯನ್ನು ಕೈಗವಸು, ಮುಖಗವಸು, ಓದಲು ಬರುವ ಅಕ್ಷರದ ಕನ್ನಡ ಚೀಟಿಗಳ ಮೂಲಕ ತಯಾರಕನೂ ಹೊರಬೇಕು. ಬಡ ಬೆಳೆಗಾರನ ಬಾಗಿಲಿಗೆ ಇನ್ನೊಬ್ಬ ಇನ್ಸ್‌ಪೆಕ್ಟರನನ್ನು ಕಳಿಸಿ ಕೈತೊಳೆದುಕೊಳ್ಳಬಾರದು. ಎರಡು, ವಿಷ ತಗಲಿದ ಪ್ರತಿ ಪ್ರಕರಣವನ್ನೂ ಆಸ್ಪತ್ರೆ ವರದಿ ಮಾಡುವುದು ಕಡ್ಡಾಯವಾಗಬೇಕು. ಮೂರು, ರಾಜ್ಯದ ನಿಷೇಧಾಧಿಕಾರ ತೊಂಬತ್ತು ದಿನಕ್ಕೆ ಮುಗಿಯಬಾರದು. ನಾಲ್ಕು, ಒಂದು ಮದ್ದನ್ನು ನಿಲ್ಲಿಸುವಾಗಲೇ, ಪರೀಕ್ಷಿಸಿದ ಬದಲಿ ಮಾರ್ಗವನ್ನು ಸಂಶೋಧನಾ ಕೇಂದ್ರಗಳು ಬೆಳೆಗಾರನ ಕೈಗೆ ಕೊಡಬೇಕು.

ಶಾಸನ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಡಬ್ಬಿ ಕೊಳ್ಳುವಾಗ ಬಣ್ಣ ನೋಡಿ, ಬಿಲ್ಲು ಕೇಳಿ ಪಡೆಯಿರಿ. ಗಾಳಿಗೆ ಎದುರಾಗಿ ಮದ್ದು ಹೊಡೆಯಬೇಡಿ. ಪಂಪನ್ನು ಹಳ್ಳದಲ್ಲಿ ತೊಳೆಯಬೇಡಿ. ಖಾಲಿ ಡಬ್ಬಿಯನ್ನು ತೂತುಮಾಡದೆ ಬಿಸಾಡಬೇಡಿ, ಅದರಲ್ಲಿ ನೀರು, ಎಣ್ಣೆ ತುಂಬಿಡಬೇಡಿ. ಯಾರಿಗಾದರೂ ತಲೆಸುತ್ತು, ವಾಂತಿ, ಕಣ್ಣು ಮಂಜಾದರೆ ಕೂಡಲೇ ಕೆಲಸ ನಿಲ್ಲಿಸಿ, ಬಟ್ಟೆ ಬದಲಿಸಿ, ಮೈ ತೊಳೆದು ಆಸ್ಪತ್ರೆಗೆ ಕರೆದೊಯ್ಯಿರಿ. ಡಬ್ಬಿಯ ಚೀಟಿಯನ್ನೂ ಒಯ್ಯಿರಿ. ಯಾವ ವಿಷವೆಂದು ತಿಳಿದರೆ ವೈದ್ಯರಿಗೆ ಪ್ರತಿವಿಷ ಕೊಡುವುದು ಸುಲಭ.

ಮುಂದಿನ ಮಹಾಸಭೆಯಲ್ಲಿ ಈ ನಾಲ್ಕು ಬೇಡಿಕೆಗಳನ್ನು ನಿರ್ಣಯವಾಗಿ ಮಂಡಿಸಬೇಕೆಂಬುದು ನಮ್ಮ ಅಭಿಪ್ರಾಯ. ಸದಸ್ಯ ಬಾಂಧವರು ಬಂದು ತಮ್ಮ ಅನುಭವ ಹೇಳಬೇಕು. ತೋಟ ಉಳಿಯಬೇಕಾದುದು ಸರಿಯೇ; ಅದರೊಳಗೆ ದುಡಿಯುವವರೂ ಉಳಿಯಬೇಕು.